ನೆಗೆಯುವ ಲಾರಿ ಮತ್ತು ಕಾಟಪ್ಪ ಮಾವನ ಬಾಯಿ

ನಮ್ಮ ಸೋದರಮಾವ ಕಾಟಪ್ಪನಿಗೆ ಎರಡು ವಿದ್ಯೆ ಒಲಿದಿದ್ದವು. ಕೆಟ್ಟು ನಿಂತ ಲಾರಿಯನ್ನು ಓಡಿಸುವುದು ಒಂದು, ಓಡಾಡುವ ಮನುಷ್ಯನಿಗೆ ಅಡ್ಡಹೆಸರು ಇಡುವುದು ಇನ್ನೊಂದು. ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ಅವನ ತಗಡಿನ ಶೆಡ್ಡು ಇತ್ತು. ಬೆಂಗಳೂರಿನಿಂದ ಬೊಂಬಾಯಿ ಕಡೆ ಹೋಗುವ ಲಾರಿಗಳು ಅಲ್ಲಿ ನಿಂತು, ಮಾವನ ಕೈಯಲ್ಲಿ ಒಂದು ಏಟು, ಬಾಯಲ್ಲಿ ಒಂದು ಏಟು ತಿಂದೇ ಮುಂದಕ್ಕೆ ಹೋಗುತ್ತಿದ್ದವು. ಯಾವನೋ ಡ್ರೈವರ್ ಎರಡು ಸಲ ಬ್ರೇಕು ಮಾಡಿಸಿಕೊಂಡರೆ ಅವನು ‘ಬ್ರೇಕಿಲ್ಲದ ಬಸಣ್ಣ’. ಆ ಹೆಸರು ಬೇರೆ ಲಾರಿ ಹತ್ತಿಕೊಂಡು ಹೋಗಿ, ಬಸಣ್ಣ ದಾವಣಗೆರೆ ಮುಟ್ಟುವಷ್ಟರಲ್ಲಿ ಅಲ್ಲಿನ ಹೋಟೆಲಿನಲ್ಲಿ ಅವನಿಗಾಗಿ ಕಾದಿರುತ್ತಿತ್ತು. ನಾವು ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ನಮ್ಮವ್ವ ಓಬವ್ವ ಮಾತ್ರ, “ಲೇ, ಯಾವತ್ತಾದ್ರೂ ಒಂದಿನ ಈ ಬಾಯಿ ನಿನ್ನೇ ಕಚ್ತೈತೆ” ಅನ್ನುತ್ತಿದ್ದಳು. ಅವಳು ಅಕ್ಕ. ಅವನು ಮದುವೆಯಾಗದೆ ನಮ್ಮ ಮನೆಯಲ್ಲೇ ಉಂಡು ಮಲಗುತ್ತಿದ್ದ ತಮ್ಮ. ಅಕ್ಕನ ಮಾತು ಕೇಳುವ ತಮ್ಮಂದಿರನ್ನು ನಾನಂತೂ ಕಂಡಿಲ್ಲ.

ಎಪ್ಪತ್ತೈದರಲ್ಲಿ ಮರುಳಸಿದ್ದಪ್ಪ ಏರ್‌ಫೋರ್ಸಿನಿಂದ ನಿವೃತ್ತನಾಗಿ ಊರಿಗೆ ಬಂದು ಮಾವನ ಶೆಡ್ಡಿನ ಪಕ್ಕವೇ ರೇಡಿಯೋ ರಿಪೇರಿ ಅಂಗಡಿ ತೆಗೆದ. ವಿಮಾನಗಳ ರೇಡಿಯೋ ನೋಡಿಕೊಳ್ಳುತ್ತಿದ್ದವನು. ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. ಇಬ್ಬರೂ ಒಂದೇ ವಾರಿಗೆಯವರು, ಆದರೆ ಎಣ್ಣೆ ಮತ್ತು ನೀರಿನಂಥ ಸ್ವಭಾವ. ಹೇಗೆ ಬೆರೆತರೋ ಗೊತ್ತಿಲ್ಲ, ತಿಂಗಳೊಳಗೆ ‘ಲೇ ಸಿದ್ದ’, ‘ಲೇ ಕಾಟ’ ಆಗಿಹೋದರು. ಅವನು ಲಿಂಗ ಕಟ್ಟಿದವನು, ನಾವು ಬಾಡು ತಿನ್ನುವವರು. ಅವನು ನಮ್ಮನೆಯ ಮುದ್ದೆಗೆ ಆಸೆಪಟ್ಟು ಬರುತ್ತಾನೆ ಅಂತ ನಮ್ಮವ್ವ ಅವನ ಸಾರಿಗೇ ಒಂದು ಬೇರೆ ಗಡಿಗೆ ತಂದಿಟ್ಟಳು. ಅವನ ಹೆಂಡತಿ ಪಾರ್ವತಮ್ಮನಿಗೆ ಇದು ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದಳು.

ಅವನ ಹತ್ತಿರ ಒಂದು ಪೆಟ್ಟಿಗೆ ಇತ್ತು. ಊರು ಬಿಟ್ಟು ಹೋಗುತ್ತಿದ್ದ ಯಾವನೋ ಆಫೀಸರ್ ಕೊಟ್ಟದ್ದಂತೆ. ಅದರೊಳಗೆ ಆಟದ ವಿಮಾನಕ್ಕೆ ಹಾಕುವ ಒಂದು ಪುಟ್ಟ ಇಂಜಿನ್, ಕೈಯಲ್ಲಿ ಹಿಡಿದು ದೂರದಿಂದ ನಡೆಸುವ ರೇಡಿಯೋ, ಆ ರೇಡಿಯೋ ಹೇಳಿದಂತೆ ತಿರುಗುವ ಎರಡು ಸಣ್ಣ ಮೋಟಾರು. ಮಾವ ಇಂಜಿನ್ನನ್ನು ಅಂಗೈ ಮೇಲೆ ಇಟ್ಟುಕೊಂಡು ಕೋಳಿಮರಿ ನೋಡಿದಂತೆ ನೋಡಿದ. “ವಿಮಾನ ಯಾಕಲೇ ಸಿದ್ದ, ಲಾರಿ ಮಾಡಾಣ” ಅಂದ.

ಮಾಡಿದರು. ಎರಡು ಅಡಿ ಉದ್ದದ ಲಾರಿ. ಹಳೆಯ ಹವಾಯಿ ಚಪ್ಪಲಿಗಳನ್ನು ದುಂಡಗೆ ಕೊಯ್ದು, ಒಂದರ ಮೇಲೊಂದು ಅಂಟಿಸಿ ಚಕ್ರ ಮಾಡಿದರು. ಅವು ಎಷ್ಟು ದೊಡ್ಡವೆಂದರೆ ಲಾರಿಯ ಹೊಟ್ಟೆ ನೆಲದಿಂದ ಗೇಣು ಮೇಲೆ ನಿಂತಿತು. ಸೈಕಲ್ ಸೀಟಿನ ಸ್ಪ್ರಿಂಗು, ಕೈ ಡ್ರಿಲ್ಲಿನ ಹಲ್ಲುಚಕ್ರ. ಇಂಜಿನ್ ಬಿಸಿಯಾಗದಿರಲೆಂದು ಮಾವ ತಗಡು ಕತ್ತರಿಸಿ ಅದರ ತಲೆಗೆ ಜುಟ್ಟು ಕಟ್ಟಿದ. ಬುಗುರಿಗೆ ಚಾಟಿ ಸುತ್ತಿದಂತೆ ದಾರ ಸುತ್ತಿ ಎಳೆದರೆ ‘ಕರ್ರ್’ ಅಂತ ಕಿವಿ ಹರಿಯುವ ಹಾಗೆ ಕೂಗುತ್ತಿತ್ತು. ಕಲ್ಲು ಸಿಕ್ಕರೆ ಹತ್ತಿ ಆಚೆ ನೆಗೆಯುತ್ತಿತ್ತು.

ಅದರ ಕಾಯಿಲೆ ಒಂದೆರಡಲ್ಲ. ದಾವಣಗೆರೆಯಿಂದ ತಂದ ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿ ಕುಡಿಸಬೇಕಿತ್ತು. ನಮ್ಮವ್ವ ಧರ್ಮಪುರದ ಹರಳು ತರಿಸಿ, ಹುರಿದು ಕುಟ್ಟಿ, ನೀರಲ್ಲಿ ಕುದಿಸಿ ತೆಗೆದ ಎಣ್ಣೆಯನ್ನೇ ಹಾಕಿದರು. ಇಂಜಿನ್ ನಾಲ್ಕು ಸಲ ಕೆಮ್ಮಿ ಸತ್ತಿತು. ಮಾವ ದಿನವೆಲ್ಲ ಬಿಚ್ಚಿ ಕಟ್ಟಿದ. ಕೊನೆಗೆ ಮರುಳಸಿದ್ದಪ್ಪ ಒಂದು ಹನಿ ಎಣ್ಣೆಯನ್ನು ಕಾದ ಹಂಚಿನ ಮೇಲೆ ಬಿಟ್ಟ. ಅದು ಚಟಪಟ ಅಂದಿತು. ಎಣ್ಣೆಯೊಳಗೆ ಇನ್ನೂ ನೀರು ಉಳಿದಿತ್ತು. ಮತ್ತೆ ಕಾಯಿಸಿ ನೀರು ಆರಿಸಿದ ಮೇಲೆ ಸರಿಹೋಯಿತು. ನಮ್ಮವ್ವನ ತಲೆಗೆ ಎಣ್ಣೆ ಇಲ್ಲದಂತಾಯಿತು. ಇಂಜಿನ್ ಹೆಚ್ಚು ಕಾದಿದೆಯೋ ಇಲ್ಲವೋ ನೋಡಲು ಮಾವ ಅದರ ತಲೆಗೆ ಉಗುಳುತ್ತಿದ್ದ. ಉಗುಳು ಮೆಲ್ಲಗೆ ಆರಿದರೆ ಸರಿ, ಚುರ್ ಅಂತ ಹಾರಿದರೆ ಎಣ್ಣೆ ಇನ್ನಷ್ಟು ಬಿಡಬೇಕು. ಮರುಳಸಿದ್ದಪ್ಪ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ. ಆ ಒಂದು ವರ್ಷ ಇಬ್ಬರೂ ನಕ್ಕಷ್ಟು ನಗು ಮತ್ತೆ ಆ ಶೆಡ್ಡಿನಲ್ಲಿ ಕೇಳಲಿಲ್ಲ.

ಒಂದು ರೋಗ ಮಾತ್ರ ಕೈಗೆ ಸಿಗಲೇ ಇಲ್ಲ. ಇಂಜಿನ್ ಜೋರಾಗಿ ಕೂಗತೊಡಗಿದರೆ ಸಾಕು, ಲಾರಿ ಮೈಮೇಲೆ ದೆವ್ವ ಬಂದಂತೆ ತಾನೇ ಎಡಕ್ಕೆ ಬಲಕ್ಕೆ ಸೆಳೆಯುತ್ತಿತ್ತು. ಇಂಜಿನ್ ನಿಲ್ಲಿಸಿ ಬರೀ ರೇಡಿಯೋ ಒತ್ತಿದರೆ ಮೋಟಾರುಗಳು ಹೇಳಿದಂತೆ ಕೇಳುತ್ತಿದ್ದವು. ರೇಡಿಯೋ ನಿಲ್ಲಿಸಿ ಬರೀ ಇಂಜಿನ್ ಓಡಿಸಿದರೆ ಅದೂ ಚಿನ್ನ. “ನನ್ ರೇಡಿಯೋ ಸರಿಗೈತೆ.” “ನನ್ ಇಂಜಿನ್ನೂ ಸರಿಗೈತೆ.” ಇಷ್ಟೇ ಮಾತು ತಿಂಗಳುಗಟ್ಟಲೆ ನಡೆಯಿತು, ಆಗ ಇನ್ನೂ ನಗುತ್ತಲೇ.

ಎಪ್ಪತ್ತಾರರಲ್ಲಿ ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಲಾರಿ ತೋರಿಸಿ ಅಂತ ಮೇಷ್ಟ್ರು ಕರೆದರು. ಮೈದಾನದ ತುಂಬ ಜನ. ನಾನೂ ಅವ್ವನ ಜೊತೆ ನಿಂತಿದ್ದೆ. ಮೊದಲು ಎರಡು ಸುತ್ತು ಲಕ್ಷಣವಾಗಿ ಹೋಯಿತು. ಚಪ್ಪಾಳೆ ಬಿತ್ತು. ಮರುಳಸಿದ್ದಪ್ಪ ವೇಗ ಏರಿಸಿದ್ದೇ ತಡ, ಲಾರಿ ಮೂಗು ತಿರುಗಿಸಿ ಶಾಮಿಯಾನದೊಳಗೆ ನುಗ್ಗಿತು. ಹಾರ ಇಟ್ಟಿದ್ದ ಮೇಜು ಉರುಳಿತು. ಮುಖ್ಯ ಅತಿಥಿಗಳು ಕುರ್ಚಿ ಮೇಲೆ ಹತ್ತಿ ಪಂಚೆ ಎತ್ತಿಕೊಂಡರು. ಲಾರಿ ಮಗುಚಿ ಬಿದ್ದು ಚಕ್ರ ಆಡಿಸುತ್ತ ಒದರುತ್ತಿತ್ತು. ಮರುಳಸಿದ್ದಪ್ಪ ಓಡಿಹೋಗಿ ಬಗ್ಗಿದ. ಅವನು ಎರಡು ಬೆರಳಿನಿಂದ ಲಾರಿಯೊಳಗೆ ಏನನ್ನೋ ಹಿಡಿದದ್ದು, ತಲೆ ಎತ್ತಿ ಮಾವನ ಮುಖ ನೋಡಿದ್ದು, ಏನೋ ಹೇಳಲು ಹೋಗಿ ಸುಮ್ಮನಾದದ್ದು ನನಗೆ ಕಾಣಿಸಿತು. ಆಮೇಲೆ ಇಂಜಿನ್ ಆರಿಸಿದ.

“ಯಾರ ತಪ್ಪಪ್ಪಾ ಇದು?” ಅಂತ ಯಾರೋ ಕೂಗಿದರು. ಮಾವನಿಗೆ ಅವಮಾನದಿಂದ ಮೈ ಉರಿಯುತ್ತಿತ್ತು. ಇಡೀ ಊರಿನ ಮುಂದೆ ತಾನು ಕಟ್ಟಿದ ಗಾಡಿ ಮಗುಚಿದೆ. ಎಲುಬಿಲ್ಲದ ನಾಲಿಗೆ ಹೊರಳಿತು.

“ನನ್ನೇನ್ ಕೇಳ್ತೀರಿ? ಗಾಡಿ ನಡೆಸಿದ್ದು ರೇಡಿಯೋದೋರು, ಅವ್ರನ್ನ ಕೇಳ್ರಿ. ಏರ್‌ಫೋರ್ಸ್ ಅಂತೆ. ಅಲ್ಲಿ ರೇಡಿಯೋ ಮುಟ್ಟಿದ್ನೋ, ಆಫೀಸರ್‌ಗಳಿಗೆ ಚಾ ಕಾಸಿ ಕೊಟ್ನೋ, ನಾವೇನ್ ಕಂಡಿದೀವಿ? ಚಾ ಸಿದ್ದಪ್ಪ.”

ಮೈದಾನಕ್ಕೆ ಮೈದಾನವೇ ನಕ್ಕಿತು. ಲಾರಿ ಡ್ರೈವರುಗಳು ಶಿಳ್ಳೆ ಹೊಡೆದರು. ಪಾರ್ವತಮ್ಮ ಹೆಂಗಸರ ಸಾಲಿನಲ್ಲಿ ನಮ್ಮ ಪಕ್ಕವೇ ಇದ್ದಳು, ಸೆರಗು ಎಳೆದುಕೊಂಡು ಎದ್ದುಹೋದಳು. ಮರುಳಸಿದ್ದಪ್ಪ ಲಾರಿಯಿಂದ ತನ್ನ ರೇಡಿಯೋ ಸಾಮಾನು ಬಿಚ್ಚಿಕೊಂಡು ಪೆಟ್ಟಿಗೆಗೆ ಹಾಕಿಕೊಂಡ.

ಮರುದಿನದಿಂದ ಹುಡುಗರು ಅವನ ಅಂಗಡಿ ಮುಂದೆ ನಿಂತು “ಎರಡು ಚಾ” ಅಂತ ಕೂಗತೊಡಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಿನ್ನ ಗಾಡಿ ಬಿಟ್ಟು ಅವನ ಕೆಲಸವನ್ನು ಆಡಿಕೊಂಡೆಯಲ್ಲ, ಹೋಗಿ ಒಂದು ಮಾತು ತಪ್ಪಾಯ್ತು ಅನ್ನು ಅಂತ ಅವ್ವ ಹೇಳಿದಳು. “ತಪ್ಪು ಅವ್ನದೇ ಆದ್ರೆ ನಾನ್ಯಾಕೆ ಅನ್ಲಿ?” ಅಂದ ಮಾವ. ಹಾಗಂದವನು ಆ ರಾತ್ರಿ ಮುದ್ದೆ ಮುರಿಯಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ಅಂಗಡಿ ಖಾಲಿಯಾಯಿತು. ಹೆಂಡತಿಯ ತವರು ಹೊಳಲ್ಕೆರೆಗೆ ಹೋದರಂತೆ ಅಂತ ಸುದ್ದಿ ಬಂತು. ಅವ್ವ ಆ ಬೇರೆ ಗಡಿಗೆಯನ್ನು ಅಟ್ಟಕ್ಕೆ ಹಾಕಿದಳು. ಲಾರಿ ಶೆಡ್ಡಿನ ಮೂಲೆಯಲ್ಲಿ ಧೂಳು ತಿಂದಿತು.

ನನಗೆ ಹೊಸದುರ್ಗದ ಆಚೆಯ ಶ್ರೀರಾಂಪುರಕ್ಕೆ ಮದುವೆಯಾಯಿತು. ಎಪ್ಪತ್ತೊಂಬತ್ತರಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ. ತೊಲೆಯ ಕಬ್ಬಿಣದ ಬಳೆಗೆ ಸರಪಳಿ ಸಿಕ್ಕಿಸಿ ಮಗಳ ತೊಟ್ಟಿಲು ಕಟ್ಟಿದ್ದರು. ಸರಪಳಿಯ ಕೊಕ್ಕೆಗೇ ಟ್ರಾನ್ಸಿಸ್ಟರ್ ತೂಗುಹಾಕಿದ್ದೆ. ಒಂದು ಮಧ್ಯಾಹ್ನ ಮಾವ ಊಟಕ್ಕೆ ಬಂದವನು ತೊಟ್ಟಿಲು ತೂಗುತ್ತ ಕೂತ. ತೂಗಿದಾಗಲೆಲ್ಲ ರೇಡಿಯೋ ಕರಕರ ಅನ್ನುತ್ತಿತ್ತು. ನನಗದು ರೂಢಿಯಾಗಿತ್ತು.

ಮಾವ ತೂಗುವುದನ್ನು ನಿಲ್ಲಿಸಿದ. ಹಾಡು ಸ್ವಚ್ಛವಾಯಿತು. ತೂಗಿದ, ಕರಕರ. ಎದ್ದು ಬಳೆಗೂ ಕೊಕ್ಕೆಗೂ ನಡುವೆ ಒಂದು ಚೂರು ಬಟ್ಟೆ ಸಿಕ್ಕಿಸಿದ. “ಈಗ ತೂಗವ್ವ” ಅಂದ. ತೂಗಿದೆ. ರೇಡಿಯೋ ಸುಮ್ಮನೆ ಹಾಡಿತು.

ಅವನು ಹಾಗೆಯೇ ಗೋಡೆಗೆ ಒರಗಿ ಕೂತುಬಿಟ್ಟ. ಹೇಳಿದ: “ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ್ರೆ ರೇಡಿಯೋ ಕಿವಿಗೆ ಗಲಾಟೆ ಕೇಳಿಸ್ತೈತೆ. ಆ ಮೋಟ್ರಿಂದ ಇಂಜಿನ್ನಿಗೆ ನಾನು ಸೈಕಲ್ ಕಡ್ಡಿ ಬಗ್ಗಿಸಿ ಸಿಕ್ಸಿದ್ದೆ. ಅದರ ತೂತು ಸಡಿಲ ಇತ್ತು. ಇಂಜಿನ್ ನಡುಗಿದ್ರೆ ಅದೂ ತಿಕ್ಕಾದು. ರೇಡಿಯೋನೂ ಸರಿ ಇತ್ತು, ಇಂಜಿನ್ನೂ ಸರಿ ಇತ್ತು. ಆ ಕಡ್ಡಿ ನಂದು.”

ನನ್ನನ್ನು ಗಂಡನ ಮನೆಗೆ ಬಿಡಲು ಮಾವನೇ ಹೊರಟ. ಹೊಸದುರ್ಗಕ್ಕೆ ನೇರ ಬಸ್ಸಿದ್ದರೂ, “ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೋಗಾಣ” ಅಂದ. ಎಳೆಗೂಸು ಕಟ್ಟಿಕೊಂಡು ಸುತ್ತಿ ಹೋಗುವುದೇ ಅಂತ ಅವ್ವ ಬೈಯಲು ಬಾಯಿ ತೆಗೆದವಳು, ಅವನ ಬಗಲ ಚೀಲದಲ್ಲಿ ಹವಾಯಿ ಚಪ್ಪಲಿಯ ಚಕ್ರ ಕಂಡು ಸುಮ್ಮನಾದಳು. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಕಡ್ಡಿ ಕೂರುವ ತೂತಿಗೆ ಮಾವ ಅಂಗಿಯ ಗುಂಡಿಯೊಂದನ್ನು ಕೂರಿಸಿದ್ದ.

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, “ಮರುಳಸಿದ್ದಪ್ಪನೋರ ರೇಡಿಯೋ ಅಂಗಡಿ ಎಲ್ಲೈತೆ?” ಅಂತ ಕೇಳಿದೆವು. ಬೀಡಾ ಅಂಗಡಿಯವನಿಗೆ ಗೊತ್ತಿಲ್ಲ. ಸೈಕಲ್ ಶಾಪಿನವನು ತಲೆ ಕೆರೆದುಕೊಂಡ. “ಏರ್‌ಫೋರ್ಸಿನಾಗೆ ಇದ್ರು” ಅಂದ ಮಾವ. ಸೈಕಲ್ ಶಾಪಿನವನ ಮುಖ ಅರಳಿತು.

“ಓ, ನಮ್ಮ ಚಾ ಸಿದ್ದಪ್ಪನಾ? ಅಂಗೇಳ್ರಿ ಮತ್ತೆ. ಆ ಬೇವಿನ ಮರದ ಪಕ್ಕ.”

ಮಾವ ಅಲ್ಲೇ ನಿಂತುಬಿಟ್ಟ. ನಾನು ಕೈ ಹಿಡಿದು ಕರೆದುಕೊಂಡು ಹೋದೆ. ಅವನು ಇಟ್ಟ ಹೆಸರು ಅವನಿಗಿಂತ ಮೊದಲೇ ಲಾರಿ ಹತ್ತಿ ಬಂದು ಅಲ್ಲಿ ಸಂಸಾರ ಹೂಡಿತ್ತು.

ಸಣ್ಣ ಅಂಗಡಿ. ಬಾಗಿಲಲ್ಲಿ ಗೋವಿಂದಯ್ಯ ಅನ್ನುವ ಬೋರ್ಡು ಬರೆಯುವವನು ಒಂದು ಹಲಗೆಗೆ ನೀಲಿ ಬಳಿಯುತ್ತಿದ್ದ. ಮರುಳಸಿದ್ದಪ್ಪ ಕನ್ನಡಕ ಎತ್ತಿ ನೋಡಿದ. “ಬರ್ರಿ, ಕುಂತ್ಕಳ್ರಿ” ಅಂದ. ನನ್ನ ಮಗಳ ಗಲ್ಲ ಮುಟ್ಟಿದ. ಅವ್ವನ ಆರೋಗ್ಯ ಕೇಳಿದ. ಮಾವ ಚೀಲದಿಂದ ಲಾರಿ ತೆಗೆದು ಮೇಜಿನ ಮೇಲೆ ಇಟ್ಟ. ಮರುಳಸಿದ್ದಪ್ಪ ಅದನ್ನು ತಿರುಗಿಸಿ ನೋಡಿ, ಗುಂಡಿಯ ಮೇಲೆ ಬೆರಳಿಟ್ಟು, ಅಟ್ಟದಿಂದ ಆ ಪೆಟ್ಟಿಗೆ ಇಳಿಸಿದ.

ಅಂಗಡಿ ಹಿಂದಿನ ಬಯಲಲ್ಲಿ ಓಡಿಸಿದರು. ಮಾವ ದಾರ ಎಳೆದ, ಮರುಳಸಿದ್ದಪ್ಪ ನಡೆಸಿದ. ಇಂಜಿನ್ ಕಿರುಚಿತು. ಲಾರಿ ಗೆರೆ ಎಳೆದಂತೆ ಓಡಿತು, ಇಟ್ಟಿಗೆ ಹತ್ತಿ ನೆಗೆಯಿತು, ಕರೆದರೆ ವಾಪಸ್ ಬಂತು. ಒಂದು ಸಲವೂ ತಪ್ಪು ಹೆಜ್ಜೆ ಇಡಲಿಲ್ಲ. ಎಣ್ಣೆ ಮುಗಿದು ತಾನಾಗಿ ನಿಂತಿತು. ಇಬ್ಬರೂ ನಗಲಿಲ್ಲ.

“ತಪ್ಪು ನಂದೇ ಸಿದ್ದ” ಅಂದ ಮಾವ. “ಆ ಕಡ್ಡಿ...”

“ಗೊತ್ತು.”

“ಯಾವಾಗ ಗೊತ್ತಾತು?”

“ಅವತ್ತೇ, ಮೈದಾನದಾಗೆ. ಬೆರಳಾಗೆ ಕಡ್ಡಿ ಹಿಡಿದ ತಕ್ಷಣ ಮೋಟ್ರು ಸುಮ್ನಾತು.”

“ಮತ್ಯಾಕೆ ಹೇಳ್ಲಿಲ್ಲ?”

“ಅಷ್ಟು ಜನದ ಮುಂದೆ ನಿನ್ ಕೈ ತಪ್ಪು ಅಂತ ಹೆಂಗ್ ಹೇಳ್ಲಿ ಕಾಟ? ಸಂಜೆ ನಿಮ್ಮನೇಗೆ ಬಂದು ಹೇಳಾಣ ಅಂತಿದ್ದೆ. ಅಷ್ಟ್ರಾಗೆ ನೀನು ಮಾತಾಡ್ಬಿಟ್ಟೆ.”

ಮಾವ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಶಬ್ದ ಮಾಡದೆ, ಎಣ್ಣೆ ಕೈಯಲ್ಲೇ ಕಣ್ಣು ಒರೆಸಿಕೊಂಡ. ಮರುಳಸಿದ್ದಪ್ಪ ಒಂದು ಚಿಂದಿ ಬಟ್ಟೆ ಕೊಟ್ಟ.

ಹೊರಗೆ ಬಂದಾಗ ಗೋವಿಂದಯ್ಯ ಬ್ರಷ್ ಹಿಡಿದು ಕಾಯುತ್ತಿದ್ದ. “ನೀಲಿ ಒಣಗೈತೆ. ಏನಂತ ಬರೀಲಿ?”

ಮಾವ ತಟಕ್ಕನೆ, “ಮರುಳಸಿದ್ದಪ್ಪ ರೇಡಿಯೋ ವರ್ಕ್ಸ್ ಅಂತ ಬರಿಯಪ್ಪ, ದೊಡ್ಡ ಅಕ್ಷರದಾಗೆ. ಏರ್‌ಫೋರ್ಸ್ ಅಂತ್ಲೂ ಹಾಕು” ಅಂದ.

ಮರುಳಸಿದ್ದಪ್ಪ ಬೇಡವೆಂದು ಮೆಲ್ಲಗೆ ತಲೆಯಾಡಿಸಿದ. ಅವನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಮಾವನಿಗೆ ಅಷ್ಟು ನೋಯುತ್ತಿರಲಿಲ್ಲ. “ಆ ಹೆಸ್ರು ಹಿಡ್ಕಂಡು ಬಂದೋರು ನನ್ನಂಗಡಿ ದಾಟಿ ಹೋಗ್ತಾರೆ. ನೀನೇ ಇವತ್ತು ಬಸ್‌ಸ್ಟ್ಯಾಂಡ್‌ನಾಗೆ ಕೇಳಿರ್ತೀಯ, ಯಾರಾದ್ರೂ ತೋರ್ಸಿದ್ರಾ?”

ಮಾವ ಬಸ್‌ಸ್ಟ್ಯಾಂಡಿನ ಕಡೆ ನೋಡಿದ.

“ಚಾ ಸಿದ್ದಪ್ಪ ಅಂತ್ಲೇ ಬರಿ ಗೋವಿಂದಯ್ಯ. ಹೊಟ್ಟೆ ನಡೀಬೇಕಲ್ಲ.”

ಲಾರಿಯನ್ನು ಮಾವ ಅಲ್ಲೇ ಬಿಟ್ಟು ಬಂದ. ಆಮೇಲೆ ಅವನು ಯಾರಿಗೂ ಹೆಸರಿಡಲಿಲ್ಲ. ಶೆಡ್ಡಿಗೆ ಬಂದ ಪ್ರತಿ ಡ್ರೈವರನ ಪೂರ್ತಿ ಹೆಸರು ಕೇಳಿ, ಅದೇ ಹೆಸರಿನಿಂದ ಕರೆಯುತ್ತಿದ್ದ. ಬ್ರೇಕಿಲ್ಲದ ಬಸಣ್ಣ ಎದುರಾದಾಗ ಮಾವ ಅವನನ್ನು “ಬಸವರಾಜಪ್ಪ” ಅಂದರೆ, ಬಸಣ್ಣನೇ ಹಿಂದೆ ತಿರುಗಿ ಯಾರು ಅಂತ ನೋಡಿದನಂತೆ. ನನ್ನ ಮಗಳನ್ನು ನೋಡಲು ಮಾವ ಶ್ರೀರಾಂಪುರಕ್ಕೆ ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತಿದ್ದ. ಹೊಸದುರ್ಗದ ನೇರ ಬಸ್ಸು ತಪ್ಪಿದ ದಿನ ಮನೆಗೆ ಹಿಂತಿರುಗಿ ಹೋಗುತ್ತಿದ್ದನೇ ಹೊರತು, ಆ ಬೋರ್ಡು ನೋಡಬೇಕಾಗುತ್ತದೆಂದು ಹೊಳಲ್ಕೆರೆ ಮೇಲೆ ಬರುತ್ತಿರಲಿಲ್ಲ.