ಜಲಾಂತರ್ಗಾಮಿಯ ಮಾತಿನಲ್ಲಿ ಕೂಡಿದ ಸಂಬಂಧ

ನಾನು ಪುಣೆಯ ಒಂದು ಅಧ್ಯಯನ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಹೊರದೇಶದ ನೌಕಾಪಡೆಯೊಂದರಲ್ಲಿ ಒಂದೇ ಮಾದರಿಯ ಅಣುಶಕ್ತಿ ಜಲಾಂತರ್ಗಾಮಿಗಳಿದ್ದವು. ಅವುಗಳ ಜಾಗಕ್ಕೆ ಹೊಸವನ್ನು ಯಾವಾಗ ತರಬೇಕು ಎಂಬ ವರದಿ ನನ್ನ ಪಾಲಿಗೆ ಬಂದಿತ್ತು. ಅದು ಅರ್ಧ ಮುಗಿದಿರುವಾಗ ಬೈಲಹೊಂಗಲದಿಂದ ಅಪ್ಪನ ಫೋನು: ರಾಮದುರ್ಗದವರು ಕನ್ಯೆ ನೋಡಲು ಬರುತ್ತಾರೆ, ರಜೆ ಹಾಕಿ ಬಾ.

ಹುಡುಗ ಹಲ್ಲಿನ ಡಾಕ್ಟರು. ತಂದೆ-ತಾಯಿಯ ಜೊತೆ ಬಂದ. ಅವಲಕ್ಕಿ ಮುಗಿದು ಚಹಾ ಬಂದಾಗ ಅವನ ತಾಯಿ ಕೇಳಿದರು, "ಅಲ್ಲವ್ವಾ, ನೀ ಮಾಡೂದು ಯಾವ ಕೆಲಸ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೆಮ್ಮೆಯಿಂದ, "ನೀರಾಗ ಮುಳುಗೂ ಹಡಗಿಂದರಿ" ಎಂದುಬಿಟ್ಟರು.

"ಯವ್ವಾ! ಮುಳುಗೂ ಹಡಗಾ?" ಅವರು ಕಪ್ಪು ಕೆಳಗಿಟ್ಟರು.

"ಮುಳುಗಿ ಮತ್ತ ಮ್ಯಾಲ ಬರ್ತೈತ್ರಿ. ನಾ ಅದರಾಗ ಹೋಗಂಗಿಲ್ರಿ, ಕುರ್ಚಿ ಮ್ಯಾಲ ಕುಂತು ಬರೀತೇನಿ" ಎಂದೆ. ಎಲ್ಲರೂ ನಕ್ಕರು.

ಹುಡುಗ ಮಾತ್ರ ನಗಲಿಲ್ಲ. "ಹಳೇವು ಇನ್ನೂ ಛಲೋ ಓಡಾಕ ಹತ್ತಿದ್ರ ಹೊಸಾವು ಯಾಕ ಬೇಕ್ರಿ?" ಎಂದು ಕೇಳಿದ.

ಅಷ್ಟೇ ಸಾಕಾಯಿತು. ಆಳಕ್ಕಿಳಿದು ಏಳುವ ಒತ್ತಡಕ್ಕೆ ಉಕ್ಕಿನ ಮೈ ದಣಿಯುತ್ತದೆ, ರಿಯಾಕ್ಟರಿಗೂ ಆಯುಷ್ಯವಿದೆ, ಹೊಸದನ್ನು ಕಟ್ಟಲು ವರ್ಷಗಟ್ಟಲೆ ಹಿಡಿಯುತ್ತದೆ. ಹಳೆಯವು ಚೆನ್ನಾಗಿರುವಾಗಲೇ ಕೈ ಹಚ್ಚದಿದ್ದರೆ ನಡುವೆ ಹಡಗುಗಳೇ ಸಾಲುವುದಿಲ್ಲ ಎಂದೆಲ್ಲ ಹೇಳುತ್ತ ಹೋದೆ. ಬಾಗಿಲ ಮರೆಯಿಂದ ಅವ್ವ ಸಾಕುಮಾಡೆಂದು ಕಣ್ಸನ್ನೆ ಮಾಡಿದಳು. ನೋಡದವಳಂತೆ ಇದ್ದೆ.

"ಹಂಗಾರ ಲಗೂನ ಶುರು ಮಾಡಿದ್ರಾತು" ಎಂದ.

"ಭಾಳ ಲಗೂ ಮಾಡಿದ್ರ ಹೊಸಾ ಯಂತ್ರ ಇನ್ನೂ ತಯಾರ ಇರಂಗಿಲ್ರಿ. ಹಳೇ ಹಡಗನ್ನ ಮತ್ತ ಕಟ್ಟಿದಂಗ ಆಕ್ಕೈತಿ."

ಅವರು ಹೋದ ಮೇಲೆ ಅವ್ವ ತಲೆ ಮೇಲೆ ಕೈಹೊತ್ತು ಕುಳಿತಳು. "ಹುಡುಗಿ ಬಾಯಿ ಜೋರ ಐತಿ ಅಂತ ರಾಮದುರ್ಗ ತುಂಬ ಸುದ್ದಿ ಆಕ್ಕೈತಿ ನೋಡು." ನನಗೂ ಒಳಗೊಳಗೇ ಅಳುಕಿತ್ತು. ಹುಡುಗ ಹಿಡಿಸಿದ್ದ.

ಮರುದಿನ ಅವನದೇ ಫೋನು. "ಒಂದು ಕೇಳೂದು ಮರತಿದ್ದೆರಿ. ಹಳೇವು ಕಟ್ಟಿ ಮುಗಿಸಿದ ಮ್ಯಾಲ ಹೊಸಾವು ಶುರು ಆಗೂತನಕಾ ಹಡಗು ಕಟ್ಟೂ ಮಂದಿ ಏನ್ ಮಾಡ್ತಾರ? ಕೈಗೆ ಕೆಲಸ ಮರತು ಹೋಗಂಗಿಲ್ಲೇನ್ರಿ?"

ನನ್ನ ವರದಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಪುಣೆಗೆ ಮರಳಿ ಒಂದು ಅಧ್ಯಾಯವನ್ನೇ ಸೇರಿಸಿದೆ. ಬೆಸುಗೆ ಹಾಕುವವರ ಕೈ ಖಾಲಿ ಬೀಳದಂತೆ, ಹಳೆಯದೊಂದು ಸೇವೆ ಬಿಡುವ ಮುಂಚೆಯೇ ಹೊಸದೊಂದನ್ನು ಕಟ್ಟುತ್ತ ಒಂದೊಂದಾಗಿ ಬದಲಿಸಬೇಕು ಎಂದು ಬರೆದೆ. ಸಂಸ್ಥೆಯ ಹಿರಿಯರು ಹೆಚ್ಚು ಮೆಚ್ಚಿದ್ದು ಆ ಅಧ್ಯಾಯವನ್ನೇ.

ಆ ವರ್ಷವೇ ಕಿತ್ತೂರಿನಲ್ಲಿ ನಮ್ಮ ಮದುವೆಯಾಯಿತು. ಊಟಕ್ಕೆ ಕುಳಿತಾಗ ಅವನು ನನ್ನ ಕಿವಿಯ ಹತ್ತಿರ ಬಾಗಿದ. ಏನೋ ಪ್ರೀತಿಯ ಮಾತೆಂದುಕೊಂಡು ತಲೆ ತಗ್ಗಿಸಿದೆ.

"ಹೋಳಿಗಿ ಇನ್ನೊಂದು ಹಾಕಿಸ್ಕೊ, ಭಾಳ ಛಲೋ ಆಗ್ಯಾವ" ಎಂದ.