ಕೈತೊಳೆಯುವ ಒರಳು

ತಮಿಳುನಾಡಿನ ಪಲ್ಲಡಂ ರಸ್ತೆಯ ಹೋಟೆಲಿನಲ್ಲಿ ಊಟ ಮುಗಿಸಿ ಕೈತೊಳೆಯಲು ಹೋದರೆ, ಬೇಸಿನ್ನಿನ ಜಾಗದಲ್ಲಿ ಒರಳುಕಲ್ಲು! ಗುಂಡಿಯ ತಳಕ್ಕೆ ತೂತು ಕೊರೆದು, ಮೇಲೊಂದು ಹಿತ್ತಾಳೆಯ ನಲ್ಲಿ ಕೂರಿಸಿದ್ದಾರೆ. ಇಡ್ಲಿಗೆ ಹಿಟ್ಟು ರುಬ್ಬಿದ ಕಲ್ಲಿಗೆ ಜನ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಈ ಸೀಮೆಯ ಕನ್ನಡದವರ ಮನೆಗೆ ಸೊಸೆಯಾಗಿ ಬಂದಿರುವ ನನ್ನ ತಂಗಿ ಸರೋಜ ಆಗಲೇ ಫೋಟೊ ತೆಗೆಯುತ್ತಿದ್ದಳು. "ರೊಂಬ ಚೆನ್ನಾಗೈತಣ್ಣಾ. ನಮ್ಮ ಹೊಸ ಮನೇಲೂ ಹಿಂಗೇ ಮಾಡಿಸ್ತೀನಿ. ಅತ್ತೆ ಒರಳು ಹಿತ್ತಲಲ್ಲಿ ಸುಮ್ನೆ ಬಿದ್ದೈತೆ."

"ನಾಚಿಕೆ ಆಗಲ್ವಾ ನಿಂಗೆ? ಮನೆಮಂದಿಗೆಲ್ಲ ಅನ್ನ ಹಾಕಿದ ಕಲ್ಲು ಅದು! ನಿಮ್ಮತ್ತೇನೇ ಕೇಳು" ಎಂದು ರೇಗಿದೆ.

ಹಿಂದೆಯೇ ನಿಂತಿದ್ದ ಅವಳ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಬಾಯಿತುಂಬ ನೀರು ತುಂಬಿಕೊಂಡು, ಗುರಿಯಿಟ್ಟು ಒರಳಿಗೆ ಉಗಿದರು.

"ಇಂಥದರ ಮುಂದೆ ಕೂತೂ ಕೂತೂ ನನ್ನ ಸೊಂಟ ಹೋಯ್ತು ತಂಬೀ. ಸರೋಜಾ, ನಾಳೇನೇ ನಮ್ಮದಕ್ಕೂ ತೂತು ಹೊಡೆಸು."