ಪಡುವಣ ಕಿಟಕಿಯ ಪರದೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಓದು ಅರ್ಧಕ್ಕೆ ಬಿಟ್ಟವಳು, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಂಡು ಓದಿ. ಇದು ನನ್ನ ದೊಡ್ಡಮ್ಮನ ಕತೆ.

ದೊಡ್ಡಮ್ಮ ಹೊಲಿಗೆ ಅಂಗಡಿಯ ಮೇಲಂತಸ್ತಿನಲ್ಲಿ ರಫು ಹಾಕುವವಳು. ನೂಲಿಗೆ ನೂಲು ಹೆಣೆದು, ಬಟ್ಟೆ ಹರಿದಿತ್ತೆಂಬುದೇ ಕಾಣದ ಹಾಗೆ ಮಾಡುವ ಕೆಲಸ. ಗಂಡ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಆ ಸೂಜಿಯೇ. ಈಚೆಗೆ ಕಣ್ಣು ಮಂಜಾಗುತ್ತಿತ್ತು. ಅದು ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಅವಳ ಕುರ್ಚಿ ಪಡುವಣ ಕಿಟಕಿಯ ಬಳಿ ಇತ್ತು. ಉಳಿದವರು ಬೆವರು ಒರೆಸಿಕೊಂಡು ಬಿಸಿಲಿಗೆ ಶಾಪ ಹಾಕುತ್ತಿದ್ದರೆ, ಅವಳು ದಾರವನ್ನು ಆ ಬಿಸಿಲಿಗೇ ಹಿಡಿದು ಬಣ್ಣ ಗುರುತಿಸುತ್ತಿದ್ದಳು.

ಯಜಮಾನ ಮಾಳಿಗೆಯ ಮೇಲೆ ಸೋಲಾರ್ ಪ್ಯಾನಲ್ ಹಾಕಿಸಿದ. ಅದರ ಕರೆಂಟೆಲ್ಲ ಏಸಿಯ ಹೊಟ್ಟೆಗೇ ಸಾಲದಾಯಿತು. ಪ್ಯಾನಲ್ ಕೂರಿಸಿದ ಎಲೆಕ್ಟ್ರಿಷಿಯನ್ ಬಂದು ನೋಡಿದ. "ಬಿಸಿಲನ್ನ ಗಾಜಿನ ಆಚೆಗೇ ತಡೀಬೇಕು ಸಾರ್. ಒಳಗೆ ಪರದೆ ಎಳೆದ್ರೆ ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ" ಎಂದ.

ಯಜಮಾನ ದಪ್ಪ ಕ್ಯಾನ್ವಾಸ್ ತಂದು ದೊಡ್ಡಮ್ಮನ ಮುಂದೆ ಹಾಕಿದ. ಕಿಟಕಿಗಳ ಹೊರಗೆ ಕಟ್ಟುವ ಪರದೆ ಅವಳೇ ಹೊಲಿಯಬೇಕು.

"ನನ್ನ ಕಿಟಕಿಗೆ ಅರ್ಧ ಸಾಕು ಯಜಮಾನ್ರೇ."

"ಅರ್ಧ ಕೊಡೆ ಹಿಡಿದ್ರೆ ಅರ್ಧ ಮೈ ನೆನೆಯಲ್ವಾ?"

"ಹಾಗಾದ್ರೆ ಒಂದು ಲೈಟಾದ್ರೂ..."

"ಉಳಿಸಿದ ಕರೆಂಟನ್ನ ನಿನ್ನ ತಲೆ ಮೇಲೆ ಸುರೀಲಾ? ಯಾಕೆ, ಕಣ್ಣು ಕಾಣಲ್ವಾ?"

"ಕಾಣತ್ತೆ" ಎಂದಳು ದೊಡ್ಡಮ್ಮ. ಕಾಣದು ಎಂದರೆ ಅಂದೇ ಕೆಲಸ ಹೋದಂತೆ. ಅಂಚು ಮಡಿಚಿ, ತನ್ನ ಬೆಳಕಿಗೆ ತಾನೇ ಪರದೆ ಹೊಲಿದಳು.

ಕೋಣೆ ತಣ್ಣಗಾಯಿತು, ಬಿಲ್ಲು ಇಳಿಯಿತು. "ಅಕ್ಕನ ಕೈ ಚಿನ್ನದ ಕೈ" ಎಂದಳು ಅಲ್ಲೇ ಗುಂಡಿ ಹೊಲಿಯುವ ಅವಳ ಓರಗಿತ್ತಿ, ಅಂದರೆ ನನ್ನ ಅಮ್ಮ.

ಅದೇ ವಾರ ವಕೀಲರೊಬ್ಬರ ಕಪ್ಪು ಕೋಟು ಬಂತು. ಮೊಣಕೈ ಬಳಿ ಹರಿದಿತ್ತು. ದೊಡ್ಡಮ್ಮ ನೇಯ್ಗೆಯನ್ನು ಬೆರಳಿನಿಂದಲೇ ಸವರಿ ನೋಡಿ ರಫು ಹಾಕಿದಳು. ಪರದೆಯ ನೆರಳಲ್ಲಿ ಎಲ್ಲರಿಗೂ ಸರಿಯಾಗಿಯೇ ಕಂಡಿತು. ವಕೀಲರು ಕೋಟು ತೊಟ್ಟು ಬೀದಿಗೆ ಇಳಿದವರು ಅಲ್ಲಿಂದಲೇ ಕೂಗಿಕೊಂಡರು. ಬಿಸಿಲಿನಲ್ಲಿ ಮೊಣಕೈ ಕಡುನೀಲಿಯಾಗಿತ್ತು.

ಯಜಮಾನ ಅವರನ್ನು ಸಮಾಧಾನ ಮಾಡಿ ಮೇಲೆ ಬಂದ. ಎರಡು ದಾರದ ರೀಲು ಎತ್ತಿಕೊಂಡು ದೊಡ್ಡಮ್ಮನ ಮುಂದೆ ಹಿಡಿದ.

"ಇದರಲ್ಲಿ ಕಪ್ಪು ಯಾವುದು, ತೋರಿಸು ನೋಡೋಣ."

ಮಷೀನುಗಳೆಲ್ಲ ನಿಂತವು. ದೊಡ್ಡಮ್ಮ ಮೂಗಿನ ತನಕ ತಂದು ನೋಡಿ, ಒಂದನ್ನು ಮುಟ್ಟಿದಳು. "ಇದು."

ಎರಡೂ ಹಸಿರು.

ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮ. "ಅಕ್ಕ ಬಿಸಿಲನ್ನೇ ಕನ್ನಡಕ ಮಾಡ್ಕೊಂಡಿದ್ಲು ಯಜಮಾನ್ರೇ!"

ಜೊತೆಗೆ ನಕ್ಕರೆ ತಮಾಷೆಯಲ್ಲಿ ಮುಗಿದೀತೆಂದು ದೊಡ್ಡಮ್ಮನೂ ನಕ್ಕಳು.

"ನಗು, ನಗು. ನಾಳೆಯಿಂದ ಮನೇಲಿ ಕೂತು ನಗು" ಎಂದ ಯಜಮಾನ.

ಅವಳು ತಡಕಾಡಿ ಕತ್ತರಿ ಎತ್ತಿಕೊಂಡಳು. ಅದು ಅಮ್ಮನದು. "ಹೋಗ್ತಾ ಹೋಗ್ತಾ ಕೈಗೆ ಸಿಕ್ಕಿದ್ದು ಬಾಚ್ತೀಯಾ?" ಎಂದು ಅಮ್ಮ ಕಿತ್ತುಕೊಂಡಳು. ದೊಡ್ಡಮ್ಮ ಗೋಡೆ ಹಿಡಿದು ಮೆಟ್ಟಿಲಿಳಿಯುವಾಗ ಅಮ್ಮನ ದನಿ ಮತ್ತೆ ಕೇಳಿಸಿತು. "ಜಾಗ ಖಾಲಿ ಬಿಡಬೇಡಿ ಯಜಮಾನ್ರೇ. ಎಳೇ ಕಣ್ಣಿನವಳೊಬ್ಬಳು ನಮ್ಮನೇಲಿ ಸುಮ್ನೆ ಕೂತಿದ್ದಾಳೆ."

ಸೋಮವಾರದಿಂದ ಆ ಕುರ್ಚಿಯಲ್ಲಿ ನಾನು ಕೂರಬೇಕು. ನನಗೆ ರಫು ಹಾಕಲು ಬರುವುದಿಲ್ಲ. ನಾಳೆ ದೊಡ್ಡಮ್ಮನ ಹತ್ತಿರ ಹೋಗಿ ಕಲಿಯುತ್ತೇನೆ.